ಮರ ಹೋಯಿತು, ರೆಂಬೆ ಉಳಿಯಿತು: ಹುಣಸೂರು ಕಡೆಯ ನಾಲ್ಕು ಎಕರೆ ನೀಲಗಿರಿಯ ಪ್ರಕರಣ

ಆ ಹೊಲದ ಯಜಮಾನರ ಮಗ ನನಗೆ ಫೋನ್ ಮಾಡಿದ್ದು ಫೆಬ್ರವರಿಯ ಒಂದು ಬೆಳಿಗ್ಗೆ, ಏಳು ಗಂಟೆಗೆ. "ಸಾರ್, ನೆಲದೊಳಗಿಂದ ಹೊಗೆ ಬರ್ತಾ ಇದೆ. ಮೂರು ದಿನ ಆಯ್ತು, ಆರ್ತಾನೇ ಇಲ್ಲ."

ನಾನು ಹೋಗಿ ಮುಟ್ಟುವಾಗ ಬಿಸಿಲೇರಿತ್ತು. ಹೊಲದ ಮೂಲೆಯಲ್ಲಿ ಒಂದು ನೀಲಗಿರಿ ಮೋಟು ಪೂರ್ತಿ ಉರಿದು, ಅದಿದ್ದ ಜಾಗದಲ್ಲಿ ಬಿಳಿ ಬೂದಿಯ ಗುಂಡಿ ಉಳಿದಿತ್ತು. ಅಲ್ಲಿ ಬೆಂಕಿ ಕಾಣಲಿಲ್ಲ. ಎಂಟು ಅಡಿ ಆಚೆಗೆ, ಏನೂ ಇಲ್ಲದ ಬರಿ ಕೆಂಪು ನೆಲದಲ್ಲಿ ಒಂದು ಬಿರುಕು, ಅದರಿಂದ ಊದುಬತ್ತಿಯಂಥ ಸಣ್ಣ ಹೊಗೆ. ಮಗ ಹಾರೆಯಿಂದ ಚುಚ್ಚಿದ. ಮಣ್ಣು ಒಳಕ್ಕೆ ಕುಸಿಯಿತು. ತೋಳಿನ ಗಾತ್ರದ ಬೇರು ಸುಟ್ಟು ಕೊಳವೆಯಂತೆ ಟೊಳ್ಳಾಗಿತ್ತು, ತಳದಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಆ ಬೇರು ಸಾಗುತ್ತಿದ್ದ ದಿಕ್ಕಿಗೆ, ಬೇಲಿಯಾಚೆ, ಪಕ್ಕದವರ ರಾಗಿಹುಲ್ಲಿನ ಮೆದೆ ನಿಂತಿತ್ತು.

ಎರಡು ಡ್ರಮ್ ನೀರು ಹೊಯ್ದು, ಬೇರಿನ ದಾರಿಯನ್ನು ಗುದ್ದಲಿಯಿಂದ ಉದ್ದಕ್ಕೂ ಬಗೆದು, ಕೆಸರು ಕಲಸಿ ಮುಚ್ಚಿದ ಮೇಲೆ ಹೊಗೆ ನಿಂತಿತು. ಯಜಮಾನರು ಬದುವಿನ ಮೇಲೆ ಕೂತಿದ್ದವರು ಹೇಳಿದರು: "ಬೆಂಕಿ ಇಕ್ಬುಟ್ರೆ ಒಂದಿನಕ್ಕೆ ಮುಗ್ದೋಯ್ತದೆ ಅಂದ್ಕಂಡಿದ್ದೆ ಸಾ." ಅವರು ಹಚ್ಚಿದ್ದು ಒಂದೇ ರಾಶಿ. ಹೊಲದ ತುಂಬ ಅಂಥವು ಇನ್ನೂ ಬಿದ್ದಿದ್ದವು.

ಇದನ್ನು ಬರೆಯಲು ಮನೆಯವರ ಒಪ್ಪಿಗೆಯಿದೆ. ಊರು, ಹೆಸರು, ಗುರುತು ಹತ್ತುವ ವಿವರಗಳನ್ನು ಬಿಟ್ಟಿದ್ದೇನೆ. ನೀಲಗಿರಿಯೋ ಸರ್ವೆಯೋ ಸಿಲ್ವರ್ ಓಕೋ ಕಡಿಸಿದ ರೈತರು ಮರದ ದುಡ್ಡು ಎಣಿಸಿಕೊಂಡ ಮಾರನೆಯ ದಿನ ಇದೇ ಕವಲಿನಲ್ಲಿ ನಿಲ್ಲುತ್ತಾರೆ. ಆಗ ಯಾರಾದರೂ ಓದಿಕೊಳ್ಳಲಿ ಎಂದು ಬರೆದಿದ್ದೇನೆ.

ಹಿನ್ನೆಲೆ

ಹುಣಸೂರು ತಾಲ್ಲೂಕಿನಲ್ಲಿ ನಾಗರಹೊಳೆ ಕಾಡಿನ ಕಡೆಗಿರುವ ಊರು. ಸ್ವಲ್ಪ ಇಳಿಜಾರಾದ, ಕೆಂಪು ಮಣ್ಣಿನ ನಾಲ್ಕು ಎಕರೆ ಖುಷ್ಕಿ. ಕೊಳವೆಬಾವಿ ಕೈಕೊಟ್ಟು, ಕೂಲಿಯಾಳು ಸಿಗದೆ, ಎರಡು ದಶಕದ ಹಿಂದೆ ಯಜಮಾನರು ನೀಲಗಿರಿ ಹಾಕಿದ್ದರು. ನಮ್ಮ ಕಡೆ ಹೆಚ್ಚಾಗಿ ಬೆಳೆದ ಜಾತಿಗೆ ಮರದ ವ್ಯಾಪಾರದಲ್ಲೂ ಪುಸ್ತಕದಲ್ಲೂ 'ಮೈಸೂರು ಗಮ್' ಎಂದೇ ಹೆಸರು. ಕಡಿದರೆ ಕಬ್ಬಿನ ಕೂಳೆಯ ಹಾಗೆ ಮೋಟಿನಿಂದ ಮತ್ತೆ ಚಿಗುರುವುದು ಅದರ ಗುಣ. ಈ ಹೊಲದಲ್ಲಿ ಎರಡು ಸಲ ಕಡಿದಾಗಿತ್ತು. ಇದು ಮೂರನೆಯದು, ಮನೆಯವರ ತೀರ್ಮಾನದಂತೆ ಕೊನೆಯದು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದಕ್ಕೆ ತಡೆ ಹಾಕಿದ ಮೇಲೆ ಊರಿನಲ್ಲಿ ಅದರ ಮೇಲಿನ ನಂಬಿಕೆಯೂ ಕಡಿಮೆಯಾಗಿತ್ತು. ಮತ್ತೆ ರಾಗಿ, ಹುರುಳಿ, ಅಂಚಿಗೆ ಒಂದಷ್ಟು ಮಾವು ಮಾಡಬೇಕೆಂಬುದು ಮಗನ ಆಸೆ.

ಕಡಿಯುವುದಕ್ಕೆ ತೊಡಕಿರಲಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಂತ ಹೊಲದ ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಕಿಲ್ಲ. ಗುತ್ತಿಗೆದಾರ ಸಂಕ್ರಾಂತಿ ಮುಗಿದ ವಾರವೇ ಆಳು ಇಳಿಸಿದ. ಅವರು ಮರ ಬೀಳಿಸಿ, ಅಲ್ಲೇ ಕೈಯಲ್ಲಿ ತೊಗಟೆ ಸುಲಿದು, ಅಳತೆಗೆ ತುಂಡು ಮಾಡಿ ಲಾರಿಗೆ ತುಂಬಿದರು. ಬಾಯಿ ಮಾತಿನ ಒಪ್ಪಂದ: "ಮರ ನಮ್ದು, ಉಳಿದಿದ್ದು ನಿಮ್ದು." ಉಳಿದಿದ್ದು ಎಂದರೆ ಎಷ್ಟು, ಯಾವ ರೂಪದಲ್ಲಿ, ಎಲ್ಲಿ ಬಿದ್ದಿರುತ್ತದೆ ಎಂದು ಯಾರೂ ಕೇಳಿರಲಿಲ್ಲ. ಇಡೀ ಪ್ರಕರಣದ ಮೊದಲ ತಪ್ಪು ಅದು ಎಂದು ನನ್ನ ಅಭಿಪ್ರಾಯ.

ನೆಲದ ಮೇಲೆ ಬಿದ್ದಿದ್ದೇನು

ಬೇರಿನ ಬೆಂಕಿ ಆರಿದ ಮೇಲೆ ನಾವು ಹೊಲ ಸುತ್ತಿದೆವು. ಸೊಂಟದೆತ್ತರಕ್ಕೆ ರೆಂಬೆ, ತುದಿ, ಹಸಿ ಸೊಪ್ಪು. ನಡುನಡುವೆ ತೊಗಟೆಯ ಉದ್ದುದ್ದ ಪಟ್ಟಿಗಳು, ಕೆಲವು ಆಳುದ್ದ, ಒಣಗುತ್ತಾ ಕೊಳವೆಯಂತೆ ಸುರುಟಿಕೊಂಡಿದ್ದವು. ಕಾಲಿಟ್ಟರೆ ಮೋಟು ಎಲ್ಲಿದೆಯೆಂದೇ ತಿಳಿಯದು.

ಮನೆಯಲ್ಲಿ ನಾಲ್ಕು ಮಾತು ನಡೆದಿದ್ದವು. ಯಜಮಾನರದು ಬೆಂಕಿ. ಗುತ್ತಿಗೆದಾರ ಮತ್ತೆ ಬಂದು ಹೊಸ ಮಾತು ಆಡಿದ್ದ: ಸೊಪ್ಪು, ರೆಂಬೆ, ತೊಗಟೆ ಎಲ್ಲವನ್ನೂ ಬಿಟ್ಟಿ ಎತ್ತಿಕೊಂಡು ಹೋಗುತ್ತೇನೆ, ಪುಡಿ ಮಾಡಿ ಬಾಯ್ಲರ್‌ಗೆ ಹಾಕುವವರಿದ್ದಾರೆ, ನೆಲ ಕನ್ನಡಿಯಂತೆ ಮಾಡಿ ಕೊಡುತ್ತೇನೆ. ಮಗನಿಗೆ ಎಲ್ಲವನ್ನೂ ಕೊಚ್ಚಿ ರೋಟವೇಟರ್‌ನಲ್ಲಿ ಮಣ್ಣಿಗೆ ಸೇರಿಸುವ ಆಸೆ. ಅವ್ವ ಮಾತ್ರ ಬಾಗಿಲಲ್ಲಿ ನಿಂತು, "ಎರಡು ವರ್ಷದ ಸೌದೆ ಅಲ್ ಬಿದ್ದದೆ, ನೀವು ಸುಡೋ ಮಾತಾಡ್ತೀರ" ಅಂದರು.

ಗುತ್ತಿಗೆದಾರನ ಮಾತಿಗೆ ಮೊದಲು ನಾನೂ ತಲೆಯಾಡಿಸಿದ್ದೆ. ಬೆಂಕಿಯ ಭಯ ಒಂದೇ ವಾರದಲ್ಲಿ ಹೋಗುತ್ತದೆ, ಖರ್ಚಿಲ್ಲ. ರಾತ್ರಿ ಕೂತು ಯೋಚಿಸಿದಾಗ ಆ ತಲೆಯಾಡಿಕೆಯನ್ನು ವಾಪಸು ತೆಗೆದುಕೊಂಡೆ. ಮರದಲ್ಲಿ ಸತ್ವ ಎಲ್ಲೆಡೆ ಸಮನಾಗಿ ಹಂಚಿರುವುದಿಲ್ಲ. ಲಾರಿಯಲ್ಲಿ ಹೋದ ಕಾಂಡದಲ್ಲಿ ತೂಕ ಹೆಚ್ಚು, ಸತ್ವ ಕಡಿಮೆ. ಸಾರಜನಕ ಹೆಚ್ಚಾಗಿ ಇರುವುದು ಎಲೆಯಲ್ಲಿ, ಸುಣ್ಣದ ದೊಡ್ಡ ಪಾಲು ತೊಗಟೆಯಲ್ಲಿ. ಮೂರು ಸಲ ಕಾಂಡ ಕೊಟ್ಟ ನೆಲದಿಂದ ಈಗ ಎಲೆ, ತೊಗಟೆಯನ್ನೂ ಎತ್ತಿದರೆ ಕನ್ನಡಿಯಂಥ ನೆಲವೇನೋ ಸಿಗುತ್ತದೆ, ಮುಂದಿನ ರಾಗಿಗೆ ಅದರಲ್ಲಿ ಊಟವಿರುವುದಿಲ್ಲ. ಸುಟ್ಟರೂ ಅರ್ಧ ಇದೇ ಕತೆ. ಸುಣ್ಣ, ಪೊಟ್ಯಾಶ್ ಬೂದಿಯಲ್ಲಿ ಉಳಿಯುತ್ತವೆ, ಸಾರಜನಕ ಹೊಗೆಯ ಜೊತೆ ಹೋಗುತ್ತದೆ. ಉಳಿದ ಬೂದಿಯೂ ರಾಶಿ ಇದ್ದ ಕಡೆ ಮಾತ್ರ, ಹೊಲದ ತುಂಬ ಅಲ್ಲ.

ಇಲ್ಲಿ ಮಗ ಓದಿದ್ದು ಉಪಯೋಗಕ್ಕೆ ಬಂತು. ಅವನು ಮೊಬೈಲ್‌ನಲ್ಲಿ ಹುಡುಕಿದಾಗ ಸಿಕ್ಕಿದ್ದೆಲ್ಲ ಪೈನ್, ಸ್ಪ್ರೂಸ್‌ನಂಥ ಸೂಚಿಪರ್ಣ ಮರಗಳ ಕಾಡಿನ ವಿಚಾರ. ನಮ್ಮ ಹೊಲಕ್ಕೆ ಸಂಬಂಧವಿಲ್ಲ ಎಂದು ಅವನೇ ಬದಿಗಿಟ್ಟಿದ್ದ. ಅದರಲ್ಲಿ ಸ್ವೀಡನ್ನಿನ ಒಂದು ಪದ್ಧತಿ ನನಗೆ ಹಿಡಿಸಿತು. ಅಲ್ಲಿ ಮರ ಕಡಿದ ಮೇಲೆ ಕೊಂಬೆ, ತುದಿಗಳನ್ನು ಮನೆಗಳನ್ನು ಬೆಚ್ಚಗಿಡುವ ಬಿಸಿ ನೀರಿನ ಸ್ಥಾವರಗಳಿಗೆ ಉರುವಲಾಗಿ ಒಯ್ಯುತ್ತಾರೆ. ಹಸಿಯಾಗಿದ್ದಾಗಲೇ ಎತ್ತುವುದಿಲ್ಲ. ಕಡಿದ ಜಾಗದಲ್ಲೇ ಸಣ್ಣ ಗುಡ್ಡೆ ಮಾಡಿ ಒಂದು ಬೇಸಿಗೆ ಬಿಟ್ಟು, ಸೂಜಿಯೆಲೆ ಒಣಗಿ ಅಲ್ಲೇ ಉದುರಿದ ಮೇಲೆ ಕಡ್ಡಿಯನ್ನಷ್ಟೇ ಒಯ್ಯುತ್ತಾರೆ. ಎಲೆ ನೆಲಕ್ಕೆ, ಕಟ್ಟಿಗೆ ಒಲೆಗೆ.

ಆ ಕಾಡಿನ ಮಾತನ್ನೆಲ್ಲ ಹಾಗೇ ಇಳಿಸಿಕೊಳ್ಳಲಾಗದು. ಪೈನ್, ಸ್ಪ್ರೂಸ್ ಕಾಡಿನಲ್ಲಿ ಹಸಿ ಕೊಂಬೆ, ತೊಗಟೆಯಿರುವ ತುಂಡುಗಳಲ್ಲಿ ತೊಗಟೆ ಕೊರೆಯುವ ಜೀರುಂಡೆ ಮರಿಮಾಡಿ ನಿಂತ ಮರಗಳಿಗೆ ಹಾರುತ್ತದೆ. ಅದಕ್ಕಾಗಿ ಅಲ್ಲಿ ಕೆಲವನ್ನು ಬೇಗ ಎತ್ತಲೇಬೇಕಾಗುತ್ತದೆ. ನಮ್ಮಲ್ಲಿ ಆ ಚಿಂತೆಯಿಲ್ಲ, ನಮಗೆ ಸಿಗುವುದು ಗೆದ್ದಲು. ಚಳಿ ನಾಡಿನಲ್ಲಿ ಎಲೆ ಕೊಳೆಯಲು ವರ್ಷಗಳು ಬೇಕು, ಇಲ್ಲಿ ಎರಡು ಮುಂಗಾರು ಸಾಕು. ಆದರೆ ಅಲ್ಲಿನ ಬೇಸಿಗೆಗೂ ನಮ್ಮ ಮಾರ್ಚಿಗೂ ಅಜಗಜಾಂತರ. ಕಾಯಬೇಕು ಅಂದರೆ ನಮ್ಮಲ್ಲಿ ಬೆಂಕಿಯ ಕಾಲದಲ್ಲೇ ಕಾಯಬೇಕು.

ಕಾಯುವುದೇ ಅಪಾಯ

ಸೊಪ್ಪು ಒಣಗಿ ಹೊಲದಲ್ಲೇ ಉದುರುವವರೆಗೆ ಕಾದು, ಆಮೇಲೆ ಕಟ್ಟಿಗೆ ಎತ್ತುವುದು: ಈ ಪ್ರಕರಣದಲ್ಲಿ ಅತಿ ಹೆಚ್ಚು ತಲೆ ಕೆಡಿಸಿಕೊಂಡ ತೀರ್ಮಾನ ಇದೇ. ಸೊಪ್ಪು ಉದುರಲು ಐದಾರು ವಾರ ಬೇಕು. ಆ ಐದಾರು ವಾರ ಎಂದರೆ ಶಿವರಾತ್ರಿಯ ಆಸುಪಾಸಿನಿಂದ ಯುಗಾದಿಯವರೆಗೆ, ಕಾಡಂಚಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿರುವ ಕಾಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಸಾವಿರಾರು ಎಕರೆ ಸುಟ್ಟಿದ್ದನ್ನು ಈ ಕಡೆಯವರು ಮರೆತಿಲ್ಲ. ನೀಲಗಿರಿ ಸೊಪ್ಪಿನಲ್ಲಿ ಎಣ್ಣೆಯಿದೆ. ಒಣಗಿದರೆ ಸಿಡಿದು ಉರಿಯುತ್ತದೆ. ನಾಲ್ಕು ಎಕರೆಗೆ ಅಂಥದ್ದನ್ನು ಹಾಸಿ ಕಾಯುತ್ತೇವೆ ಎಂದರೆ ಪಕ್ಕದವರಿಗೆ ಏನು ಹೇಳುವುದು?

ಹೇಳಿಯೇ ಶುರು ಮಾಡಿದೆವು. ಯಜಮಾನರು ಸುತ್ತಲಿನ ಮೂರೂ ಮನೆಗೆ ತಾವೇ ಹೋದರು. ಆ ಹಿರಿಯರು ಮನೆ ಬಾಗಿಲಿಗೆ ಹೋಗಿ, ನಮ್ಮ ಹೊಲದಲ್ಲಿ ಹೀಗಿದೆ, ಯುಗಾದಿವರೆಗೆ ನೀವು ಬೇಲಿ ಕಳೆ ಸುಡಬೇಡಿ, ಸುಡಲೇಬೇಕಾದರೆ ನಮಗೆ ಒಂದು ಮಾತು ಹೇಳಿ ಎಂದು ಕೇಳಿಕೊಂಡಿದ್ದು, ಮುಂದೆ ಮಾಡಿದ ಎಷ್ಟೋ ಕೆಲಸಕ್ಕಿಂತ ದೊಡ್ಡದು. ಮೆದೆಯಿದ್ದವರು ಮಾರನೆಯ ದಿನವೇ ಮೆದೆಯನ್ನು ಹಿತ್ತಿಲಿಗೆ ಸಾಗಿಸಿಕೊಂಡರು.

ಆಮೇಲೆ ಅಂಚು. ಸುತ್ತ ಹದಿನೈದು ಅಡಿ ಅಗಲಕ್ಕೆ ಬಿದ್ದಿದ್ದನ್ನೆಲ್ಲ ಒಳಕ್ಕೆ ಎಳೆದು, ಎರಡು ಸಲ ಉತ್ತು, ಬರಿ ಮಣ್ಣು ಕಾಣುವ ಹಾಗೆ ಮಾಡಿದರು. ಕಾಡಿನಲ್ಲಿ ಅರಣ್ಯ ಇಲಾಖೆಯವರು ಬೆಂಕಿ ರೇಖೆ ಮಾಡುವುದನ್ನು ನೋಡಿದ್ದ ಊರಿನವರಿಗೆ ಇದನ್ನು ವಿವರಿಸಬೇಕಾಗಿ ಬರಲಿಲ್ಲ. ಒಳಗಿನದನ್ನು ಇಳಿಜಾರಿಗೆ ಅಡ್ಡಲಾಗಿ ಮೊಣಕಾಲೆತ್ತರದ ಸಾಲು ಮಾಡಿದರು. ಸಾಲಿಗೂ ಸಾಲಿಗೂ ನಡುವೆ ಟ್ರ್ಯಾಕ್ಟರ್ ಹೋಗುವಷ್ಟು ಜಾಗ, ಪ್ರತಿ ಸಾಲನ್ನೂ ನಾಲ್ಕೈದು ಕಡೆ ಕತ್ತರಿಸಿ ಬರಿ ನೆಲ. ಕರೆಂಟ್ ತಂತಿಯ ಕೆಳಗೆ ಏನನ್ನೂ ಬಿಡಲಿಲ್ಲ. ನೀರಿನ ಟ್ಯಾಂಕರ್ ಹೊಲದಲ್ಲೇ ನಿಂತಿತು. ಕೆಲಸಕ್ಕೆ ಬಂದವರಿಗೆ ಬೀಡಿ ಸೇದಲು ರಸ್ತೆಯಾಚೆಯ ಕಲ್ಲು ಬಂಡೆ.

ಮಾರ್ಚ್ ಮೂರನೇ ವಾರ ಪರೀಕ್ಷೆ ಬಂತು. ಮಾತು ಕೊಟ್ಟಿದ್ದ ಮೂರು ಮನೆಯವರಲ್ಲ, ಅವರಾಚೆಯ ಹೊಲದವರು ಲಂಟಾನ ಸುಟ್ಟರು. ಮಧ್ಯಾಹ್ನದ ಗಾಳಿಗೆ ಅದು ಒಣ ಹುಲ್ಲು ಹಿಡಿದು ನಮ್ಮ ಅಂಚಿಗೆ ಬಂತು. ಉತ್ತ ಪಟ್ಟಿಯ ಬಳಿ ಉರಿ ನಿಂತಿತು, ಒಂದು ಕಡೆ ಬಿಟ್ಟು. ಅಲ್ಲಿ ಮೇಯಲು ಬಂದ ಮೇಕೆಗಳು ತೊಗಟೆ ಪಟ್ಟಿಗಳನ್ನು ಕಾಲಿಗೆ ಸಿಕ್ಕಿಸಿಕೊಂಡು ಉತ್ತ ನೆಲದ ಮೇಲೆ ಎಳೆದು ಹಾಕಿದ್ದವು. ಸುರುಟಿದ ಒಣ ತೊಗಟೆಯೊಳಗೆ ಬೆಂಕಿ ಬತ್ತಿಯ ಹಾಗೆ ಹರಿದು ಈಚೆ ದಾಟಿತು. ಏಳೆಂಟು ಜನ ಹಸಿ ಸೊಪ್ಪಿನ ಗೊಂಚಲಿನಿಂದ ಬಡಿದು, ಟ್ಯಾಂಕರ್ ನೀರು ಬಿಟ್ಟು ಆರಿಸುವಷ್ಟರಲ್ಲಿ ಒಂದು ಸಾಲಿನ ಒಂದು ತುಂಡು ಬೂದಿಯಾಯಿತು. ಮುಂದಿನ ತುಂಡಿಗೆ ಹೋಗಲಿಲ್ಲ, ನಡುವೆ ಬರಿ ನೆಲವಿತ್ತು. ಅಂದಿನಿಂದ ಮಗ ದಿನಾ ಸಂಜೆ ಅಂಚು ಸುತ್ತಿ ತೊಗಟೆ ಹೆಕ್ಕುವುದನ್ನು ರೂಢಿ ಮಾಡಿಕೊಂಡ. ಅಂಚಿನ ಪಟ್ಟಿ ಒಂದು ಸಲ ಉತ್ತರೆ ಸಾಲದು, ದಿನಾ ನೋಡಿಕೊಳ್ಳಬೇಕು. ಇದನ್ನು ನಾನು ಮೊದಲೇ ಹೇಳಬೇಕಿತ್ತು.

ಯುಗಾದಿ ಕಳೆದು ಹೋದಾಗ ರೆಂಬೆ ಹಿಡಿದು ಅಲುಗಿಸಿದರೆ ಗಲಗಲ ಅಂದು ಎಲೆ ಉದುರುತ್ತಿತ್ತು. ಹೆಂಗಸರು ರೆಂಬೆಯನ್ನು ಎತ್ತಿ ಎರಡು ಸಲ ನೆಲಕ್ಕೆ ಬಡಿದು, ಬೋಳು ಕಡ್ಡಿಯನ್ನು ಟ್ರ್ಯಾಕ್ಟರ್‌ಗೆ ಹಾಕಿದರು. ಹನ್ನೊಂದು ಲೋಡು ಆಯಿತು. ಹೆಬ್ಬೆರಳಿಗಿಂತ ದಪ್ಪದ್ದು ಸೌದೆಗೆ, ಅದಕ್ಕಿಂತ ಸಣ್ಣ ಪುಳ್ಳೆ ಅಲ್ಲೇ ನೆಲಕ್ಕೆ ಎಂಬುದು ಅಳತೆ. ಅವ್ವ ಆ ಅಳತೆ ಒಪ್ಪಲಿಲ್ಲ, ಒಲೆ ಹೊತ್ತಿಸಲು ಬೇಕೆಂದು ಪುಳ್ಳೆ ಹೊರೆಯನ್ನೂ ಕಟ್ಟಿಸಿದರು. ಅವರ ಮಾತೇ ನಡೆಯಿತು, ನಡೆಯಬೇಕಾದ್ದೂ ಅದೇ.

ತೊಗಟೆಯನ್ನು ಇಳಿಜಾರಿಗೆ ಅಡ್ಡ ತೋಡಿದ ಒಂದೂವರೆ ಅಡಿ ಆಳದ ಕಾಲುವೆಗಳಿಗೆ ತುಂಬಿ ಮೇಲೆ ತೆಳುವಾಗಿ ಮಣ್ಣು ಎಳೆದರು. ಭರಣಿ ಮಳೆ ಚೆನ್ನಾಗಿಯೇ ಬಿತ್ತು. ನೀರು ಆ ಕಾಲುವೆಗಳಲ್ಲಿ ನಿಂತು ಇಂಗಿತು. ಕೆಳಗಿನ ಬದು ಆ ವರ್ಷ ಕೊಚ್ಚಿಕೊಂಡು ಹೋಗಲಿಲ್ಲ.

ಅರ್ಧ ಎಕರೆಯ ತಪ್ಪು

ಇದು ನನ್ನ ಸಲಹೆಯಿಂದ ಆದದ್ದು. ಮಗನ ರೋಟವೇಟರ್ ಆಸೆಗೆ ಅರ್ಧ ಎಕರೆಯಲ್ಲಿ ಮಾಡಿ ನೋಡೋಣ ಎಂದೆ. ಅಲ್ಲಿ ಪುಳ್ಳೆ, ತೊಗಟೆ, ಸೊಪ್ಪು ಎಲ್ಲ ಕೊಚ್ಚಿ ಮಣ್ಣಿಗೆ ಸೇರಿಸಿದರು. ನೋಡಲು ಬಲು ಚಂದ ಇತ್ತು, ಮಣ್ಣು ಮೆತ್ತಗೆ ಕಪ್ಪಗೆ. ಜುಲೈನಲ್ಲಿ ರಾಗಿ ಬಿತ್ತಿದರು. ಮೂರು ವಾರಕ್ಕೆ ಪೈರು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು, ಕೆಳಗಿನ ಎಲೆ ಮೊದಲು. ಆಚೆ ಸಾಲಿನ ರಾಗಿ ಹಸಿರಾಗಿಯೇ ಇತ್ತು.

ಕಾರಣ ನನಗೆ ಗೊತ್ತಿದ್ದದ್ದೇ, ಹೊಲಕ್ಕೆ ಹೊಂದಿಸಿ ನೋಡಿರಲಿಲ್ಲ. ಕೊಳೆಸುವ ಜೀವಾಣುಗಳಿಗೆ ಇಂಗಾಲ 25ರಿಂದ 30 ಪಾಲಿಗೆ ಒಂದು ಪಾಲು ಸಾರಜನಕ ಬೇಕು. ಕಟ್ಟಿಗೆಯಲ್ಲಿ ನೂರಾರು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ. ಕಟ್ಟಿಗೆಯ ಚೂರನ್ನು ಮಣ್ಣಿನೊಳಗೆ ಬೆರೆಸಿದರೆ ಜೀವಾಣುಗಳು ಅದನ್ನು ತಿನ್ನಲು ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಪೈರಿಗೆ ಉಳಿಯುವುದಿಲ್ಲ. ಚೂರು ಸಣ್ಣದಾದಷ್ಟೂ ಈ ಹಸಿವು ಜೋರು. ಅದೇ ಪುಳ್ಳೆ ನೆಲದ ಮೇಲೆ ಬಿದ್ದಿದ್ದರೆ ಮಣ್ಣಿಗೆ ತಾಗುವ ಮೈ ಕಡಿಮೆ, ನಿಧಾನವಾಗಿ ಕೊಳೆಯುತ್ತದೆ, ಪೈರಿನ ಬಾಯಿಂದ ಕಸಿಯುವುದಿಲ್ಲ.

ಯೂರಿಯಾ ಎರಡು ಸಲ ಮೇಲುಗೊಬ್ಬರ ಕೊಟ್ಟ ಮೇಲೆ ಹಸಿರು ಬಂತು. ಹೊತ್ತು ಮೀರಿತ್ತು, ತೆನೆ ಸಣ್ಣಗಾಯಿತು. ಆ ಅರ್ಧ ಎಕರೆಯ ರಾಗಿ ಮನೆಯವರಿಗೆ ನಷ್ಟವೇ. ಯಜಮಾನರು ಬೈಯಲಿಲ್ಲ. "ಮುಂದಿನ್ ಸಲ ಅದ್ಕೆ ಹುರುಳಿ ಎರಚಿ ನೋಡುಮಾ" ಅಂದರು. ಅದು ಸರಿಯಾದ ಮಾತು. ಹುರುಳಿ ಬೇರಿನ ಗಂಟಿನಲ್ಲಿ ತನ್ನ ಸಾರಜನಕವನ್ನು ತಾನೇ ಮಾಡಿಕೊಳ್ಳುತ್ತದೆ. ಮರುವರ್ಷ ಅಲ್ಲಿ ಹುರುಳಿ ಚೆನ್ನಾಗಿಯೇ ಬಂತು. ಕಟ್ಟಿಗೆ ಚೂರು ಸೇರಿದ ನೆಲಕ್ಕೆ ಮೊದಲ ಬೆಳೆ ಹುರುಳಿಯೋ ಅಲಸಂದೆಯೋ ಆಗಲಿ, ರಾಗಿ ಬೇಡ ಎಂದು ಈಗ ನಾನು ಹೇಳುತ್ತೇನೆ.

ಮಾವಿನ ಗುಂಡಿಗಳ ವಿಚಾರದಲ್ಲಿ ಎಚ್ಚರವಹಿಸಿದೆವು. ಹಸಿ ನೀಲಗಿರಿ ಸೊಪ್ಪು, ತೊಗಟೆಯ ರಸ ಎಳೆ ಬೇರಿಗೆ ಆಗಿಬರುವುದಿಲ್ಲ. ಒಂದು ಮಳೆಗಾಲ ತೊಳೆದು ಹೋದ ತರಗನ್ನಷ್ಟೇ ಗಿಡದ ಸುತ್ತ ಹಾಸಿದರು, ಅದೂ ಬುಡದಿಂದ ಗೇಣು ದೂರ ಬಿಟ್ಟು.

ಬ್ಯಾರನ್ ಒಲೆಯಲ್ಲಿ

ಹನ್ನೊಂದು ಲೋಡಿನಲ್ಲಿ ಮೂರು ಲೋಡು ಮನೆಯ ಹಿತ್ತಿಲಿಗೆ ಹೋಯಿತು. ಎಂಟು ಲೋಡು ಮಗ ಪಾಲುದಾರನಾಗಿರುವ, ಹೊಗೆಸೊಪ್ಪನ್ನು ಒಲೆಯ ಶಾಖದಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್‌ಗೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಸೌದೆಯ ದೊಡ್ಡ ಹೊಟ್ಟೆ ಅದೇ. ಅದಕ್ಕೆಂದು ದುಡ್ಡು ಕೊಟ್ಟು ಮರ ತರುವ ಊರಿನಲ್ಲೇ ಹೊಲಗಳಲ್ಲಿ ರೆಂಬೆ ಸುಡುತ್ತಾರೆ. ನನಗೆ ಬಹಳ ನೋವಾಗುವ ಸಂಗತಿ ಇದು.

ಆಗಸ್ಟ್‌ನಲ್ಲಿ ಮೊದಲ ಬೇಯಿಸುವಿಕೆಗೆ ಬರಿ ರೆಂಬೆ ಹಾಕಿದಾಗ ಕೆಟ್ಟಿತು. ಹೊಗೆಸೊಪ್ಪು ಹಳದಿಯಾಗುವ ಹಂತದಲ್ಲಿ ಒಳಗೆ 35ರಿಂದ 40 ಡಿಗ್ರಿ ಸೆಲ್ಸಿಯಸ್ ಶಾಖ ಒಂದೇ ಸಮ ನಿಲ್ಲಬೇಕು. ಸಣ್ಣ ರೆಂಬೆ ಭಗ್ಗೆಂದು ಉರಿದು ಆರುತ್ತದೆ, ಶಾಖ ಏರಿಳಿಯುತ್ತದೆ. ಒಂದು ಕಡೆಯ ಸೊಪ್ಪು ಹಸಿರಾಗಿಯೇ ಒಣಗಿತು. ಬ್ಯಾರನ್ ನೋಡಿಕೊಳ್ಳುವ ಹಿರಿಯ ಆಳು ದಾರಿ ಕಂಡುಹಿಡಿದರು: ಮೊದಲ ಹಂತಕ್ಕೆ ದಪ್ಪ ದಿಮ್ಮಿ, ಕೊನೆಗೆ ಎಲೆಯ ನಡುನರ ಒಣಗಿಸಲು 70 ಡಿಗ್ರಿ ಸುಮಾರಿನ ಜೋರು ಶಾಖ ಬೇಕಾದಾಗ ರೆಂಬೆ. ರಾತ್ರಿ ಎರಡು ಗಂಟೆಗೆ ಎದ್ದು ಒಲೆ ನೋಡುವವರ ತಿಳಿವಳಿಕೆ ಅದು, ನನ್ನದಲ್ಲ. ಉಳಿದ ಬೇಯಿಸುವಿಕೆಗಳು ಆ ಲೆಕ್ಕದಲ್ಲೇ ನಡೆದವು, ಕೊಂಡು ತರುವ ದಿಮ್ಮಿ ಕಡಿಮೆಯಾಯಿತು. ಮಳೆಗೆ ಮೊದಲೇ ಒಣಗಿಸಿ ತಗಡು ಹೊದಿಸಿದ್ದು ಉಪಕಾರವಾಯಿತು. ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ, ಆ ನೀರು ಆವಿಯಾಗಲು ಒಲೆಯ ಶಾಖವೇ ಖರ್ಚಾಗಬೇಕು. ಬ್ಯಾರನ್ ಬೂದಿ ಚೀಲದಲ್ಲಿ ಹೊಲಕ್ಕೆ ವಾಪಸು ಬಂತು.

ಮೋಟು, ಮತ್ತು ಆಮೇಲೆ

ಮೋಟುಗಳನ್ನು ಜೆಸಿಬಿಯಿಂದ ಕೀಳಿಸುವ ಲೆಕ್ಕ ಹಾಕಿ ಕೈಬಿಟ್ಟರು. ನೆಲಮಟ್ಟಕ್ಕೆ ಕತ್ತರಿಸಿ, ಉಳಿದ ತೊಗಟೆಯನ್ನು ಮಚ್ಚಿನಿಂದ ಸುಲಿದು, ಮಣ್ಣು ಮುಚ್ಚಿದರು. ಚಿಗುರು ಬಂದಾಗಲೆಲ್ಲ ಮುರಿದರು. ಎರಡನೇ ವರ್ಷದ ಕೊನೆಗೆ ಬಹುಪಾಲು ಸತ್ತಿದ್ದವು, ಗೆದ್ದಲು ಹತ್ತಿ ಹಾರೆ ಹಾಕಿದರೆ ಪುಡಿಯಾಗಿ ಬರುತ್ತಿದ್ದವು. ಮೇಲಿನ ಅಂಚಿನ ಒಂದು ಸಾಲು ಇನ್ನೂ ಹಟ ಹಿಡಿದು ಚಿಗುರುತ್ತಿದೆ.

ಕಳೆದ ಚಳಿಗಾಲದಲ್ಲಿ ಮೆದೆ ಸಾಗಿಸಿಕೊಂಡಿದ್ದ ಪಕ್ಕದವರು ತಮ್ಮ ಮೂರು ಎಕರೆ ಸರ್ವೆ ಕಡಿಸಿದರು. ಕಡಿಯುವ ಮುಂಚೆ ಮಗನನ್ನು ಕರೆಸಿ ಕೂರಿಸಿಕೊಂಡರು. ಗುತ್ತಿಗೆದಾರನ ಜೊತೆ ಈ ಸಲ ಕಾಗದದ ಮೇಲೆ ಬರೆದಾಯಿತು. ಡಿಸೆಂಬರ್‌ನಲ್ಲೇ ಕಡಿಯಬೇಕು, ಸೊಪ್ಪು ಉದುರಿಸುವ ಕೆಲಸ ಬಿಸಿಲು ಬಲಿಯುವ ಮೊದಲೇ ಮುಗಿಯಲಿ ಎಂದು. ತೊಗಟೆಯನ್ನು ಅಂಚಿನಿಂದ ಇಪ್ಪತ್ತು ಅಡಿ ಒಳಗೆ ಸುಲಿಯಬೇಕು. ಕಡಿದವರೇ ರೆಂಬೆಯನ್ನು ಇಳಿಜಾರಿಗೆ ಅಡ್ಡಸಾಲು ಹಾಕಿ ಹೋಗಬೇಕು. ಗುತ್ತಿಗೆದಾರ ಅದಕ್ಕೆ ಮರದ ಬೆಲೆಯಲ್ಲಿ ಸ್ವಲ್ಪ ಹಿಡಿದ. ಪಕ್ಕದವರು ಒಪ್ಪಿ ಸಹಿ ಹಾಕಿದರು. ಯಜಮಾನರು ಆ ದಿನವೂ ಬದುವಿನ ಮೇಲೆ ಕೂತು, ಬೀಡಿ ಹಚ್ಚಲು ಹೋದ ಹುಡುಗನೊಬ್ಬನನ್ನು ರಸ್ತೆಯಾಚೆಯ ಬಂಡೆಗೆ ಕಳಿಸಿದರು.